ಬಟ್ಟೆಯ ಮುಖಗವಸು: ಹೊಲಿಯೋಣ, ಪರೀಕ್ಷಿಸೋಣ



ಸುಗ್ಗಿಯಲ್ಲಿ ರಾಗಿ, ಜೋಳ ತೂರುವವರನ್ನು ನೀವು ನೋಡಿರುತ್ತೀರಿ. ಅವರು ಟವೆಲನ್ನೋ ಸೆರಗನ್ನೋ ಮೂಗು, ಬಾಯಿಗೆ ಸುತ್ತಿಕೊಂಡಿರುತ್ತಾರೆ. 2020ರಲ್ಲಿ ಕೋವಿಡ್-19 ರೋಗ ಹರಡಿದಾಗ ಇಡೀ ಜಗತ್ತೇ ಹೀಗೆ ಮೂಗು ಮುಚ್ಚಿಕೊಳ್ಳಬೇಕಾಯಿತು. ಆ ವರ್ಷ ಜೂನ್ 25ರಂದು ಆರಂಭವಾದ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ನಮ್ಮ ರಾಜ್ಯದ ಲಕ್ಷಾಂತರ ವಿದ್ಯಾರ್ಥಿಗಳು ಮುಖಗವಸು ಧರಿಸಿ ಬಂದಿದ್ದರು.

ಬಟ್ಟೆಯನ್ನು ಬೆಳಕಿಗೆ ಹಿಡಿದರೆ ಅದರ ತುಂಬ ರಂಧ್ರಗಳು ಕಾಣುತ್ತವೆ. ಹಾಗಿದ್ದರೂ ಅದು ಕಣಗಳನ್ನು ತಡೆಯುವುದು ಹೇಗೆ? ಬನ್ನಿ, ತಿಳಿಯೋಣ. ಜೊತೆಗೆ ಒಂದು ಮುಖಗವಸನ್ನೂ ಹೊಲಿಯೋಣ.

ಹಾರ್ಬಿನ್ ಕಲಿಸಿದ ಪಾಠ

1910ರ ಕೊನೆಯಲ್ಲಿ ಚೀನಾದ ಮಂಚೂರಿಯಾ ಪ್ರದೇಶದಲ್ಲಿ ಭೀಕರ ಪ್ಲೇಗ್ ಕಾಣಿಸಿಕೊಂಡಿತು. ಹಾರ್ಬಿನ್ ನಗರಕ್ಕೆ ವೂ ಲಿಯೆನ್-ಟೆ ಎಂಬ ತರುಣ ವೈದ್ಯರನ್ನು ಕಳುಹಿಸಲಾಯಿತು. ಪ್ಲೇಗ್ ಇಲಿ ಮತ್ತು ಚಿಗಟಗಳಿಂದ ಹರಡುತ್ತದೆ ಎಂದು ಆಗ ವೈದ್ಯರು ತಿಳಿದಿದ್ದರು. ಆದರೆ ಈ ಪ್ಲೇಗ್ ಶ್ವಾಸಕೋಶದ್ದು, ರೋಗಿಯ ಕೆಮ್ಮಿನಿಂದ ಗಾಳಿಯ ಮೂಲಕವೇ ಹರಡುತ್ತಿದೆ ಎಂದು ವೂ ಕಂಡುಕೊಂಡರು. ತೆಳು ಬಟ್ಟೆಯ ಪದರಗಳ ನಡುವೆ ಹತ್ತಿ ಇಟ್ಟು ಮುಖಗವಸು ಮಾಡಿಸಿ, ಎಲ್ಲರೂ ಕಟ್ಟಿಕೊಳ್ಳಬೇಕೆಂದು ಹೇಳಿದರು.

ಮೆಸ್ನಿ ಎಂಬ ಅನುಭವಿ ಫ್ರೆಂಚ್ ವೈದ್ಯರು ಇದನ್ನು ಒಪ್ಪಲಿಲ್ಲ. ಮುಖಗವಸಿಲ್ಲದೆ ರೋಗಿಗಳನ್ನು ಪರೀಕ್ಷಿಸಿದರು. ಕೆಲವೇ ದಿನಗಳಲ್ಲಿ, 1911ರ ಜನವರಿಯಲ್ಲಿ, ಅದೇ ರೋಗದಿಂದ ತೀರಿಕೊಂಡರು. ಆ ಪ್ಲೇಗ್‌ಗೆ ಸುಮಾರು 60,000 ಜನ ಬಲಿಯಾದರು. ಮುಖಗವಸು, ರೋಗಿಗಳನ್ನು ಪ್ರತ್ಯೇಕವಾಗಿಡುವುದು, ಪ್ರಯಾಣಕ್ಕೆ ತಡೆ, ಶವಗಳ ದಹನ ಇವೆಲ್ಲ ಕೂಡಿ ಕೆಲವು ತಿಂಗಳಲ್ಲಿ ರೋಗ ಹತೋಟಿಗೆ ಬಂತು.

ಬಟ್ಟೆ ಬರೀ ಜರಡಿಯಲ್ಲ

ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗವೇ ಮೈಕ್ರೋಮೀಟರ್. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರೋಮೀಟರ್. ಕೊರೊನಾ ವೈರಸ್ಸಿನ ಅಗಲ ಸುಮಾರು 0.1 ಮೈಕ್ರೋಮೀಟರ್. ಅಂದರೆ ಒಂದು ಕೂದಲಿನ ಅಗಲದಲ್ಲಿ 700 ವೈರಸ್ಸುಗಳನ್ನು ಸಾಲಾಗಿ ಕೂರಿಸಬಹುದು! ಆದರೆ ವೈರಸ್ಸುಗಳು ಸಾಮಾನ್ಯವಾಗಿ ಒಂಟಿಯಾಗಿ ಹೊರಬರುವುದಿಲ್ಲ. ಕೆಮ್ಮಿದಾಗ, ಮಾತನಾಡಿದಾಗ ಹಾರುವ ಎಂಜಲಿನ ಹನಿಗಳಲ್ಲಿ ಕುಳಿತು ಬರುತ್ತವೆ.

ಗಾಳಿ ಬಟ್ಟೆಯ ನೂಲುಗಳ ನಡುವೆ ಅಂಕುಡೊಂಕಾಗಿ ಸಾಗುತ್ತದೆ. ಬಸ್ಸು ಥಟ್ಟನೆ ತಿರುಗಿದಾಗ ನಮ್ಮ ದೇಹ ಮೊದಲಿನ ದಿಕ್ಕಿಗೇ ವಾಲುವುದಿಲ್ಲವೇ? ಹಾಗೆಯೇ ದೊಡ್ಡ ಹನಿಗಳು ಗಾಳಿಯೊಡನೆ ತಿರುಗಲಾರದೆ ನೂಲಿಗೆ ಬಡಿದು ಅಂಟಿಕೊಳ್ಳುತ್ತವೆ. ಇದು ಜಡತ್ವದ ಪರಿಣಾಮ. ಅತಿ ಸಣ್ಣ ಕಣಗಳನ್ನು ಗಾಳಿಯ ಅಣುಗಳು ಎಡೆಬಿಡದೆ ಗುದ್ದುತ್ತಿರುತ್ತವೆ. ಹೀಗೆ ಅತ್ತಿತ್ತ ಅಲೆಯುವಾಗ ಅವೂ ನೂಲಿಗೆ ತಗಲುತ್ತವೆ. ಇವೆರಡರ ನಡುವಿನ, ಸುಮಾರು 0.3 ಮೈಕ್ರೋಮೀಟರಿನ ಕಣಗಳನ್ನು ಹಿಡಿಯುವುದೇ ಹೆಚ್ಚು ಕಷ್ಟ. ಆದ್ದರಿಂದಲೇ ಎನ್-95 ಮುಖಗವಸನ್ನು ಆ ಗಾತ್ರದ ಕಣಗಳಿಂದ ಪರೀಕ್ಷಿಸುತ್ತಾರೆ. ಅದು ಶೇ. 95ರಷ್ಟನ್ನಾದರೂ ತಡೆಯಬೇಕು. ಬಟ್ಟೆಯ ಮುಖಗವಸು ಅಷ್ಟನ್ನು ತಡೆಯದು.

ಒಂದು ಪದರ ಅರ್ಧದಷ್ಟು ಕಣಗಳನ್ನು ತಡೆಯುತ್ತದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. 100 ಕಣಗಳಲ್ಲಿ ಮೊದಲ ಪದರ ದಾಟುವುದು 50, ಎರಡನೆಯದನ್ನು 25, ಮೂರನೆಯದನ್ನು 12 ಅಥವಾ 13. ಪದರ ಹೆಚ್ಚಿಸುತ್ತಲೇ ಹೋದರೆ? ಉಸಿರಾಡುವುದೇ ಕಷ್ಟವಾಗುತ್ತದೆ. 2020ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಬಟ್ಟೆಯ ಮುಖಗವಸಿಗೆ ಮೂರು ಪದರಗಳಿರಲಿ ಎಂದು ಸಲಹೆ ನೀಡಿತು.

ಬೇಕಾಗುವ ಸಾಮಗ್ರಿಗಳು

ಒತ್ತಾದ ನೇಯ್ಗೆಯ ಹತ್ತಿ ಬಟ್ಟೆ (ಹಳೆಯದಾದರೂ ಸವೆದಿರಬಾರದು), ಸೂಜಿ, ದಾರ, ಗುಂಡುಸೂಜಿ, ಕತ್ತರಿ, ಅಳತೆಪಟ್ಟಿ, 9 ಸೆಂ.ಮೀ. ಉದ್ದದ ಬಾಗುವ ತಂತಿ, 40 ಸೆಂ.ಮೀ. ಉದ್ದದ ನಾಲ್ಕು ಲಾಡಿಗಳು.

ಹೊಲಿಯುವ ವಿಧಾನ

1. ಬಟ್ಟೆಯನ್ನು ಮೊದಲೇ ಒಗೆದು ಒಣಗಿಸಿ. ಹತ್ತಿ ಬಟ್ಟೆ ಒಗೆದಾಗ ಕುಗ್ಗುತ್ತದೆ.

2. 20 ಸೆಂ.ಮೀ. ಉದ್ದ, 16 ಸೆಂ.ಮೀ. ಅಗಲದ ಮೂರು ತುಂಡುಗಳನ್ನು ಕತ್ತರಿಸಿ.

3. ಹೊರಗಿನ ತುಂಡನ್ನು ಅದರ ಒಳ್ಳೆಯ ಮೈ ಮೇಲೆ ಬರುವಂತೆ ಹಾಸಿ. ಅದರ ಮೇಲೆ ಒಳಗಿನ ತುಂಡನ್ನು ಒಳ್ಳೆಯ ಮೈ ಕೆಳಗೆ ಬರುವಂತೆ ಇಡಿ. ಎಲ್ಲದರ ಮೇಲೆ ಮೂರನೆಯ ತುಂಡನ್ನು ಇಡಿ. ಗುಂಡುಸೂಜಿ ಚುಚ್ಚಿ.

4. ಅಂಚಿನಿಂದ 1 ಸೆಂ.ಮೀ. ಒಳಗೆ ಸುತ್ತಲೂ ಹೊಲಿಯಿರಿ. ಮೇಲಂಚಿನ ನಡುವೆ 6 ಸೆಂ.ಮೀ. ಜಾಗ ಬಿಡಿ. ಕೈಹೊಲಿಗೆಯಾದರೆ ಹೊಲಿಗೆಗಳು ಒತ್ತಾಗಿರಲಿ.

5. ಹೊರಗಿನ ಮತ್ತು ಒಳಗಿನ ತುಂಡುಗಳ ನಡುವಿನಿಂದ ಬಟ್ಟೆಯನ್ನು ತಿರುಗಿಸಿ. ಈಗ ಮೂರನೆಯ ತುಂಡು ಮಧ್ಯದ ಪದರವಾಗುತ್ತದೆ. ಉಳಿದ ಅಳತೆ 18 × 14 ಸೆಂ.ಮೀ.

6. ತಂತಿಯ ಎರಡೂ ತುದಿಗಳನ್ನು ಮಡಚಿ, ಬಿಟ್ಟ ಜಾಗದಿಂದ ಮೇಲಂಚಿನೊಳಗೆ ಸೇರಿಸಿ. ಬಾಯಿ ಹೊಲಿದು ಮುಚ್ಚಿ. ತಂತಿ ಜಾರದಂತೆ ಅದರ ಕೆಳಗೆ ಒಂದು ಸಾಲು, ಎರಡು ಪಕ್ಕದಲ್ಲಿ ಒಂದೊಂದು ಗಿಡ್ಡ ಸಾಲು ಹೊಲಿಯಿರಿ.

7. ಸೀರೆಗೆ ಹಿಡಿಯುವಂತೆ ಅಡ್ಡಲಾಗಿ ಮೂರು ನೆರಿಗೆ ಹಿಡಿಯಿರಿ. ಒಂದೊಂದೂ 1 ಸೆಂ.ಮೀ. ಆಳವಿದ್ದರೆ ಪ್ರತಿಯೊಂದಕ್ಕೂ 2 ಸೆಂ.ಮೀ. ಬಟ್ಟೆ ಹೋಗುತ್ತದೆ. ಆಗ ಪಕ್ಕದ ಅಂಚು 14 – 6 = 8 ಸೆಂ.ಮೀ. ಆಗುತ್ತದೆ. ಹೊರಮೈಯಲ್ಲಿ ನೆರಿಗೆಗಳ ಬಾಯಿ ಕೆಳಮುಖವಾಗಿರಲಿ, ದೂಳು ತುಂಬಿಕೊಳ್ಳದು.

8. ಪಕ್ಕದ ಅಂಚುಗಳಲ್ಲಿ ಮಾತ್ರ ನೆರಿಗೆ ಹೊಲಿಯಿರಿ. ನಾಲ್ಕು ಮೂಲೆಗೆ ಲಾಡಿಗಳನ್ನು ಭದ್ರವಾಗಿ ಹೊಲಿಯಿರಿ.

ಮೂಗು, ಬಾಯಿಯ ಎದುರಿಗೆ ಎಲ್ಲಿಯೂ ಹೊಲಿಗೆ ಬಂದಿಲ್ಲ, ಗಮನಿಸಿದಿರಾ? ಸೂಜಿ ಚುಚ್ಚಿದಲ್ಲೆಲ್ಲ ಒಂದು ಹೊಸ ರಂಧ್ರವಾಗುತ್ತದೆ!

ಮಾಡಿ ನೋಡಿ

• ಮುಖಗವಸನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಬೆಳಕಿನ ಚುಕ್ಕೆಗಳು ಎದ್ದು ಕಂಡರೆ ನೇಯ್ಗೆ ಸಡಿಲವೆಂದು ಅರ್ಥ. ಸೂರ್ಯನನ್ನು ನೇರವಾಗಿ ನೋಡಬೇಡಿ.

• ಮುಖಗವಸು ಕಟ್ಟಿಕೊಂಡು ಊದಿ. ಮೂಗಿನ ಪಕ್ಕ, ಕೆನ್ನೆ, ಗಲ್ಲದ ಬಳಿ ಕೈ ಹಿಡಿಯಿರಿ. ಗಾಳಿ ತಾಗಿದರೆ ಅಲ್ಲಿ ಸಂದಿಯಿದೆ. ಕನ್ನಡಕ ಮಂಜಾಗುವುದೂ ಇದರಿಂದಲೇ. ತಂತಿಯನ್ನು ಮೂಗಿಗೆ ಒತ್ತಿ, ಲಾಡಿ ಬಿಗಿ ಮಾಡಿ, ಮತ್ತೆ ಪರೀಕ್ಷಿಸಿ. ಬಟ್ಟೆ ಎಷ್ಟೇ ಚೆನ್ನಾಗಿದ್ದರೂ ಸಂದಿಯಿದ್ದರೆ ಗಾಳಿ ಸುಲಭದ ದಾರಿಯನ್ನೇ ಹಿಡಿಯುತ್ತದೆ.

ಬಳಸುವಾಗ ನೆನಪಿಡಿ

ಕಟ್ಟುವ ಮೊದಲು, ಬಿಚ್ಚಿದ ನಂತರ ಸೋಪಿನಿಂದ ಕೈ ತೊಳೆಯಿರಿ. ಲಾಡಿ ಹಿಡಿದು ಬಿಚ್ಚಿ, ಮುಂಭಾಗ ಮುಟ್ಟಬೇಡಿ. ಒದ್ದೆಯಾದರೆ ಬದಲಾಯಿಸಿ. ದಿನವೂ ಸೋಪಿನಲ್ಲಿ ಒಗೆದು ಬಿಸಿಲಿನಲ್ಲಿ ಒಣಗಿಸಿ. ಕೊರೊನಾ ವೈರಸ್ಸಿಗೆ ಕೊಬ್ಬಿನ ಹೊದಿಕೆಯಿದೆ. ಸೋಪು ಅದನ್ನು ಒಡೆಯುತ್ತದೆ. ಒಬ್ಬರ ಮುಖಗವಸನ್ನು ಇನ್ನೊಬ್ಬರು ಬಳಸಬಾರದು. ಎರಡು ವರ್ಷದೊಳಗಿನ ಮಕ್ಕಳಿಗೆ, ಉಸಿರಾಟದ ತೊಂದರೆ ಇರುವವರಿಗೆ ಕಟ್ಟಬೇಡಿ. ಓಡುವಾಗ, ಮಲಗುವಾಗ ನೀವೂ ಕಟ್ಟಿಕೊಳ್ಳಬೇಡಿ.

ಇದು ಸಾಲದ ಕೆಲಸಗಳೂ ಇವೆ

ಕಣದ ದೂಳಿಗೆ, ಕೆಮ್ಮು ನೆಗಡಿ ಇದ್ದಾಗ ಹನಿಗಳು ಇತರರಿಗೆ ಹಾರದಿರಲು ಈ ಮುಖಗವಸು ಸಹಾಯಕ. ಆದರೆ ಗದ್ದೆಗೆ ಕೀಟನಾಶಕ ಸಿಂಪಡಿಸುವವರಿಗೆ ಇದು ರಕ್ಷಣೆಯಲ್ಲ. ಆವಿಯು ಬಟ್ಟೆಯನ್ನು ದಾಟುತ್ತದೆ, ವಿಷದಲ್ಲಿ ನೆನೆದ ಬಟ್ಟೆ ಮುಖಕ್ಕೇ ಅಂಟಿಕೊಂಡು ಹೆಚ್ಚು ಅಪಾಯ ತರುತ್ತದೆ. ಇಳಕಲ್‌ನಂತಹ ಕಡೆ ಗ್ರಾನೈಟ್ ಕೊರೆಯುವವರಿಗೂ ಇದು ಸಾಲದು. ಕಲ್ಲಿನ ಅತಿ ನಯವಾದ ಸಿಲಿಕಾ ದೂಳು ಶ್ವಾಸಕೋಶದ ಆಳಕ್ಕೆ ಇಳಿದು, ವಾಸಿಯಾಗದ ಸಿಲಿಕೋಸಿಸ್ ರೋಗ ತರುತ್ತದೆ. ಅಲ್ಲಿ ನೀರು ಹಾಯಿಸಿ ಕೊರೆಯುವುದು ಮತ್ತು ಸರಿಯಾದ ಉಸಿರುಗವಸು ಅಗತ್ಯ. ನಿಮ್ಮ ಮನೆಯವರು ಯಾರಾದರೂ ಇಂತಹ ಕೆಲಸಕ್ಕೆ ಹೋಗುತ್ತಿದ್ದರೆ ಈ ಮಾತನ್ನು ಇಂದೇ ಅವರಿಗೆ ತಿಳಿಸಿ.

ಯೋಚಿಸಿ, ಉತ್ತರಿಸಿ

1. ಒಂದು ಪದರ ಕಾಲು ಭಾಗ ಕಣಗಳನ್ನು ಮಾತ್ರ ತಡೆದರೆ, 64 ಕಣಗಳಲ್ಲಿ ಮೂರು ಪದರ ದಾಟುವುವು ಎಷ್ಟು?

2. ನೆರಿಗೆ ಹಿಡಿಯದೆ 8 ಸೆಂ.ಮೀ. ಅಗಲದ ಬಟ್ಟೆಯನ್ನೇ ಹೊಲಿದರೆ ಏನು ತೊಂದರೆ?

3. ಮುಖಗವಸು ಮೂಗಿನ ಕೆಳಗೆ ಜಾರಿದ್ದರೆ ಉಪಯೋಗವಿದೆಯೇ? ಕಾರಣ ಕೊಡಿ.

ಉತ್ತರಗಳನ್ನು ಗೆಳೆಯರೊಂದಿಗೆ ಚರ್ಚಿಸಿ, ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.