ಜೀವನಾಂಶ ಭಿಕ್ಷೆಯಲ್ಲ: ವಕೀಲೆ ಬಾನು ಮುಷ್ತಾಕ್ ಅವರ ಕಥೆಯಿಂದ ಒಂದು ಪಾಠ

(ಸಂಘದ ಪ್ರತಿನಿಧಿಗಳು ವಾರದ ಸಭೆಯಲ್ಲಿ ಓದಿ ಹೇಳಬೇಕಾಗಿ ವಿನಂತಿ)



ಬಾನು ಮುಷ್ತಾಕ್ ಅವರ ಹೆಸರನ್ನು ನೀವು ಟಿ.ವಿ.ಯಲ್ಲಿ ಕೇಳಿರುತ್ತೀರಿ. 2025ರ ಮೇ ತಿಂಗಳಲ್ಲಿ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಅನುವಾದ ಮಾಡಿದವರು ದೀಪಾ ಭಾಸ್ತಿ. ಕನ್ನಡದ ಪುಸ್ತಕಕ್ಕೆ ಈ ಪ್ರಶಸ್ತಿ ಬಂದದ್ದು ಅದೇ ಮೊದಲು. ನಮಗೆ ಇನ್ನೊಂದು ಸಂತೋಷವೂ ಇದೆ. 1948ರಲ್ಲಿ ಹಾಸನದಲ್ಲಿ ಹುಟ್ಟಿದ ಅವರು ಕನ್ನಡ ಅಕ್ಷರ ಕಲಿತದ್ದು ನಮ್ಮ ಶಿವಮೊಗ್ಗದಲ್ಲಿ. ಎಂಟು ವರ್ಷದವರಿದ್ದಾಗ ಇಲ್ಲಿನ ಮಿಷನರಿ ಕನ್ನಡ ಶಾಲೆಗೆ ಸೇರಿಸಿದರು. ಆರು ತಿಂಗಳಲ್ಲಿ ಓದು ಬರಹ ಬರಬೇಕು ಅಂತ ಷರತ್ತು. ಬಾಲಕಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. (ಸಹಿ ಕಲಿಯಲು 'ವಯಸ್ಸಾಯ್ತು ಸಿಸ್ಟರ್' ಅನ್ನುವವರು ಇದನ್ನು ಎರಡು ಸಲ ಓದಿಸಿಕೊಳ್ಳಿ.)

ಮುಂದೆ ಅವರು ಲಂಕೇಶ್ ಪತ್ರಿಕೆಗೆ ವರದಿಗಾರ್ತಿಯಾದರು, ಹಾಸನ ನಗರಸಭೆಯ ಸದಸ್ಯೆಯಾದರು, ವಕೀಲರಾದರು. ಮಸೀದಿಗೆ ಹೋಗಿ ಪ್ರಾರ್ಥನೆ ಮಾಡುವ ಹಕ್ಕು ಹೆಂಗಸರಿಗೂ ಇದೆ ಎಂದು ಹೇಳಿದ್ದಕ್ಕೆ 2000ದಲ್ಲಿ ಅವರ ಕುಟುಂಬಕ್ಕೆ ಮೂರು ತಿಂಗಳು ಬಹಿಷ್ಕಾರ ಹಾಕಿದರು. ಆಗಲೂ ಅವರು ತಮ್ಮ ಮಾತು ಬಿಡಲಿಲ್ಲ.

ಅವರ 'ಕರಿ ನಾಗರಗಳು' ಕಥೆಯನ್ನು ಗಿರೀಶ್ ಕಾಸರವಳ್ಳಿಯವರು 2004ರಲ್ಲಿ 'ಹಸೀನಾ' ಎಂಬ ಸಿನಿಮಾ ಮಾಡಿದರು. ಹೆಣ್ಣು ಮಕ್ಕಳನ್ನೇ ಹೆತ್ತಳೆಂದು ಗಂಡ ಕೈಬಿಟ್ಟ ಒಬ್ಬ ಬಡ ತಾಯಿಯ ಕಥೆ ಅದು. ಮಗುವಿಗೆ ಕಾಯಿಲೆ, ಔಷಧಕ್ಕೆ ದುಡ್ಡಿಲ್ಲ. ಆಕೆ ನ್ಯಾಯ ಕೇಳಿಕೊಂಡು ಮಸೀದಿಯ ಯಜಮಾನರ ಹತ್ತಿರ ಹೋಗುತ್ತಾಳೆ. ಅವರು ಇವತ್ತು, ನಾಳೆ ಅಂತ ತಳ್ಳುತ್ತಾರೆ. ಆಕೆ ಮಗುವನ್ನು ಕಟ್ಟಿಕೊಂಡು ಕಾಯುತ್ತಾಳೆ. ಕೊನೆಗೆ ಮಗು ಉಳಿಯುವುದಿಲ್ಲ.

ಇದನ್ನು ಓದಿ 'ಪಾಪ, ಅವರಲ್ಲಿ ಹಾಗೆ' ಅಂತ ಯಾರೂ ಹೇಳಬೇಡಿ. ಜಾತಿ ಪಂಚಾಯ್ತಿಯಲ್ಲೂ ಹಾಗೆಯೇ ನಡೆಯುತ್ತದೆ, ಊರ ಹಿರಿಯರ ಕಟ್ಟೆಯಲ್ಲೂ ನಡೆಯುತ್ತದೆ. ಹೇಳಲು ಸಂಕೋಚವಾಗುತ್ತದೆ, ನಮ್ಮ ಕೈಯಿಂದಲೂ ನಡೆದಿದೆ.

ಕೆಲವು ವರ್ಷಗಳ ಹಿಂದೆ ಭದ್ರಾವತಿಯ ಸಂಘದ ಒಬ್ಬ ಸದಸ್ಯೆ ನಮ್ಮ ಬಳಿ ಬಂದರು. ಗಂಡ ಬೇರೆ ಊರಲ್ಲಿ ಕೆಲಸಕ್ಕಿದ್ದ, ಮನೆಗೆ ದುಡ್ಡು ಕಳಿಸುತ್ತಿರಲಿಲ್ಲ. ಎರಡು ಮಕ್ಕಳು. ನಾವು ಎರಡೂ ಕಡೆಯ ಹಿರಿಯರನ್ನು ಕೂರಿಸಿ ಮಾತಾಡಿದೆವು. ಆತ ಕೊಡ್ತೀನಿ ಅಂದ. 'ಸ್ವಲ್ಪ ಹೊಂದಿಕೊಂಡು ಹೋಗಮ್ಮ' ಅಂದೆವು. ಹೀಗೆ ಮೂರು ಸಲ ಕೂತೆವು, ಎಂಟು ತಿಂಗಳು ಹೋಯಿತು. ಆಕೆ ಕಿವಿಯ ಓಲೆ ಮಾರಿದರು, ಸಂಘದ ಸಾಲ ತೆಗೆದು ಮಕ್ಕಳ ಫೀಸು ಕಟ್ಟಿದರು. ಕೊನೆಗೆ ಅವರ ಸಂಘದವರೇ ಒಬ್ಬರು ನಮ್ಮನ್ನು ಕೇಳಿದರು: "ಸಿಸ್ಟರ್, ನಾವು ಐನೂರು ರೂಪಾಯಿ ಸಾಲ ಕೊಟ್ರೂ ನಡಾವಳಿಲಿ ಬರ್ದು ಸಹಿ ತಗೋತೀವಿ. ಆತ ಕೊಡ್ತೀನಿ ಅಂದದ್ದನ್ನ ಎಲ್ಲಾದ್ರೂ ಬರ್ಕೊಂಡ್ರಾ?"

ನಮ್ಮಲ್ಲಿ ಉತ್ತರ ಇರಲಿಲ್ಲ. ರಾಜಿ ಮಾಡಿಸುವುದು ತಪ್ಪಲ್ಲ. ಆದರೆ ನಾವು ಆಕೆಯ ಹಕ್ಕನ್ನು ಆತನ ಒಳ್ಳೇ ಮನಸ್ಸಿಗೆ ಬಿಟ್ಟುಬಿಟ್ಟೆವು. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದ ಲೆಕ್ಕ ಹಾಕಿ ಕೊಡಿಸಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಅಂದರೆ ಅರ್ಜಿ ಹಾಕದೆ ಕಾದ ತಿಂಗಳುಗಳ ದುಡ್ಡು ಕೈತಪ್ಪುತ್ತದೆ. ಮಾತುಕತೆ ಬೇಕಾದರೆ ಅರ್ಜಿ ಹಾಕಿದ ಮೇಲೂ ಆಗಬಹುದು.

ಲೂಕನ ಶುಭಸಂದೇಶದ 18ನೇ ಅಧ್ಯಾಯದಲ್ಲಿ ಪ್ರಭು ಯೇಸು ಹೇಳಿದ ವಿಧವೆಯ ಸಾಮತಿ ಕೆಲವರಿಗೆ ಗೊತ್ತಿರಬಹುದು. ಯಾರಿಗೂ ಹೆದರದ ನ್ಯಾಯಾಧೀಶನ ಬಾಗಿಲಿಗೆ ಆಕೆ ಬಿಡದೆ ಹೋಗುತ್ತಾಳೆ. ಆಕೆ ಕೇಳುವುದು ನ್ಯಾಯವನ್ನು, ದಾನವನ್ನಲ್ಲ.

ಈಗ ಕಾನೂನಿನ ವಿಷಯ. ಹಿಂದೆ 125ನೇ ಕಲಂ ಅನ್ನುತ್ತಿದ್ದುದು 2024ರ ಜುಲೈ 1ರಿಂದ ಹೊಸ ಸಂಹಿತೆಯಲ್ಲಿ 144ನೇ ಕಲಂ ಆಗಿದೆ. ತನ್ನನ್ನು ತಾನು ಸಾಕಿಕೊಳ್ಳಲಾರದ ಹೆಂಡತಿ, ಮಕ್ಕಳು, ವಯಸ್ಸಾದ ತಂದೆ ತಾಯಿ ಇದರಡಿ ಕೇಳಬಹುದು. ಧರ್ಮ ಯಾವುದಾದರೂ ಸರಿ. ವಿಚ್ಛೇದನವಾದ ಮುಸ್ಲಿಂ ಹೆಂಗಸರಿಗೂ ಈ ಹಕ್ಕಿದೆ ಎಂದು 1985ರಲ್ಲಿ ಶಾಬಾನೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಮರುವರ್ಷ ಬೇರೆ ಕಾಯ್ದೆ ಬಂದು ಗೊಂದಲವಾಯಿತು. 2024ರ ಜುಲೈನಲ್ಲಿ ಅದೇ ಕೋರ್ಟ್ ಮತ್ತೆ ಸ್ಪಷ್ಟವಾಗಿ ಹೌದು ಅಂದಿತು. ಗಂಡ ಎಲ್ಲೇ ಇರಲಿ, ನೀವು ವಾಸವಿರುವ ಕಡೆಯೇ ಅರ್ಜಿ ಹಾಕಬಹುದು. ಭದ್ರಾವತಿಯವರು ಆತನ ಊರಿಗೆ ಅಲೆಯಬೇಕಿಲ್ಲ. ಕೇಸು ಮುಗಿಯುವ ತನಕ ಮಧ್ಯಂತರ ಜೀವನಾಂಶವನ್ನೂ ಕೇಳಿ. ಆದೇಶವಾದ ಮೇಲೂ ಕೊಡದಿದ್ದರೆ ವಾರಂಟ್ ಆಗುತ್ತದೆ, ಜೈಲೂ ಆಗಬಹುದು. ಬಾಕಿ ವಸೂಲಿಗೆ ಒಂದು ವರ್ಷದೊಳಗೆ ಅರ್ಜಿ ಕೊಡಬೇಕು, ಇದನ್ನು ತುಂಬಾ ಜನ ಮರೆಯುತ್ತಾರೆ.

ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ಕೂರಬೇಡಿ. 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಎಲ್ಲ ಹೆಂಗಸರಿಗೂ ಉಚಿತ ವಕೀಲರು ಸಿಗುತ್ತಾರೆ, ಆದಾಯ ಎಷ್ಟೇ ಇರಲಿ. ಶಿವಮೊಗ್ಗದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ಭದ್ರಾವತಿಯಲ್ಲಿ ತಾಲ್ಲೂಕು ಸಮಿತಿ ಇದೆ. ಫೋನ್ 15100. ಹೊಡೆತ ಬಡಿತ ಇದ್ದರೆ 181ಕ್ಕೆ ಫೋನ್ ಮಾಡಿ, ಅಥವಾ ಸಿ.ಡಿ.ಪಿ.ಒ. ಕಚೇರಿಗೆ ಹೋಗಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಅವರು ಸಂರಕ್ಷಣಾಧಿಕಾರಿ.

ಒಬ್ಬರೇ ಮಾತ್ರ ಹೋಗಬೇಡಿ. ಕರಿ ನಾಗರಗಳ ಕಥೆಯಲ್ಲಿ ಕೇರಿಯ ಹೆಂಗಸರು ಕೊನೆಗೆ ಬಾಯಿ ಬಿಡುತ್ತಾರೆ, ಯಜಮಾನರಿಗೆ ಶಾಪ ಹಾಕುತ್ತಾರೆ. ಆದರೆ ಅಷ್ಟರಲ್ಲಿ ಮಗು ಹೋಗಿರುತ್ತದೆ. ಆ ಹೆಂಗಸರು ಮೊದಲನೇ ದಿನವೇ ಆಕೆಯ ಜೊತೆ ಹೋಗಿದ್ದರೆ ಏನಾಗುತ್ತಿತ್ತು? ಇದನ್ನು ಸಭೆಯಲ್ಲಿ ಮಾತಾಡಿ. ನಿಮ್ಮ ಊರಲ್ಲಿ ನ್ಯಾಯ ಹೇಳಲು ಕೂರುವವರಲ್ಲಿ ಹೆಂಗಸರು ಎಷ್ಟು ಜನ ಅಂತಲೂ ಎಣಿಸಿ.

ನಿಮ್ಮ ಸಂಘದಲ್ಲಿ ಇಂಥ ತೊಂದರೆ ಇರುವವರು, ಅವರು ಒಪ್ಪಿದರೆ, ಮದುವೆಯ ಫೋಟೋ ಅಥವಾ ಲಗ್ನಪತ್ರಿಕೆ, ಮಕ್ಕಳ ಜನನ ಪತ್ರ, ಆಧಾರ್, ಗಂಡನ ಕೆಲಸದ ವಿವರ ಮತ್ತು ತಿಂಗಳ ಖರ್ಚಿನ ಲೆಕ್ಕ ತೆಗೆದುಕೊಂಡು ಒಕ್ಕೂಟದ ಕಾರ್ಯಕರ್ತೆಯನ್ನು ಕಾಣಲಿ. ಕೋರ್ಟಿಗೆ ಜೊತೆಗೆ ಯಾರು ಹೋಗುತ್ತೀರಿ ಎಂಬುದನ್ನು ನಡಾವಳಿಯಲ್ಲಿ ಬರೆದು ಸಹಿ ಮಾಡಿ. ಹೊರಗೆ ಹೇಳಬಾರದ ಸಂಗತಿಯನ್ನು ಮಾತ್ರ ಅಲ್ಲಿ ಬರೆಯಬೇಡಿ.