ಅರಸಾಳಿಗೆ ಮಾಲ್ಗುಡಿ ಬಂದದ್ದು ಹೇಗೆ?

ಪ್ರಶ್ನೆ: ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು ನಿಲ್ದಾಣವನ್ನು ‘ಮಾಲ್ಗುಡಿ’ ಎನ್ನುತ್ತಾರೆ. ಆರ್.ಕೆ. ನಾರಾಯಣ್ ಅವರು ಈ ಊರನ್ನು ನೋಡಿಯೇ ಕತೆ ಬರೆದರೆ?

ಉತ್ತರ: ಇಲ್ಲ. ಮಾಲ್ಗುಡಿ ನಾರಾಯಣ್ ಅವರು ಕಲ್ಪಿಸಿಕೊಂಡ ಊರು. ಅದು ಮೊದಲು ಕಾಣಿಸಿಕೊಂಡ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಪ್ರಕಟವಾದದ್ದು 1935ರಲ್ಲಿ. ಆಗಿನ್ನೂ ಮೈಸೂರು ಸಂಸ್ಥಾನದ ರೈಲು ಈ ಕಡೆಯ ಕಾಡಿನಲ್ಲಿ ಹಳಿ ಹಾಸಿಕೊಂಡು ಹೋಗುತ್ತಿತ್ತು. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲೇ ರೈಲು ಬಂದಿದ್ದರೂ ಅಲ್ಲಿಂದ ಕುಂಸಿ, ಅರಸಾಳು, ಆನಂದಪುರ, ಸಾಗರಗಳನ್ನು ಹಾದು ತಾಳಗುಪ್ಪ ಮುಟ್ಟುವಷ್ಟರಲ್ಲಿ 1940 ಆಗಿತ್ತು. ಜೋಗಕ್ಕೆ ಹೋಗುವವರು ಇಳಿಯುತ್ತಿದ್ದ ಕೊನೆಯ ನಿಲ್ದಾಣ ಅದು. ನಡುವೆ ಸಿಗುವ ಅರಸಾಳು ಹೊಸನಗರ ತಾಲ್ಲೂಕಿನದು. ರಿಪ್ಪನ್‌ಪೇಟೆ ಕಡೆಯವರಿಗೆ ಹತ್ತಿರದ ಸ್ಟೇಷನ್.

ಮಾಲ್ಗುಡಿಯ ನಂಟು ಬೆಳೆದದ್ದು 1980ರ ದಶಕದಲ್ಲಿ. ಶಂಕರ್‌ನಾಗ್ ದೂರದರ್ಶನಕ್ಕಾಗಿ ‘ಮಾಲ್ಗುಡಿ ಡೇಸ್’ ತೆಗೆದಾಗ ಆಗುಂಬೆಯ ಬೀದಿಗಳು ಮಾಲ್ಗುಡಿಯ ಬೀದಿಗಳಾದವು, ಅರಸಾಳು ಅದರ ರೈಲು ನಿಲ್ದಾಣವಾಯಿತು. ಕಲಾ ನಿರ್ದೇಶನ ಜಾನ್ ದೇವರಾಜ್ ಅವರದು. ನಾರಾಯಣ್ ಅವರ ಕತೆಗಳಲ್ಲಿ ರೈಲಿಗೆ ದೊಡ್ಡ ಪಾತ್ರವಿದೆ. ‘ಸ್ವಾಮಿ ಅಂಡ್ ಫ್ರೆಂಡ್ಸ್’ನಲ್ಲಿ ಊರು ಬಿಟ್ಟು ಹೊರಟ ಗೆಳೆಯ ರಾಜಂನಿಗೆ ಪುಸ್ತಕವೊಂದನ್ನು ಕೊಡಲು ಸ್ವಾಮಿ ಓಡೋಡಿ ಬರುವುದು ನಿಲ್ದಾಣಕ್ಕೇ. ಹೆಂಚಿನ ಮಾಡಿನ ಪುಟ್ಟ ಕಟ್ಟಡ, ಸುತ್ತ ಮರಗಳು, ಒಂದೇ ಹಳಿಯ ಮೀಟರ್ ಗೇಜ್ ದಾರಿ: ಅಂಥ ಕತೆಗೆ ಅರಸಾಳು ಹೇಳಿ ಮಾಡಿಸಿದಂತಿತ್ತು.

ಈ ದಾರಿಯಲ್ಲಿ ಕೆಲಕಾಲ ಒಂದೇ ಬೋಗಿಯ ರೈಲ್‌ಬಸ್ ಓಡಿತು. ಆಮೇಲೆ ಬ್ರಾಡ್‌ಗೇಜ್ ಬಂತು. 2011ರಲ್ಲಿ ಹೊಸ ಹಳಿ ತಾಳಗುಪ್ಪದವರೆಗೂ ತಲುಪಿತು. ಅರಸಾಳಿನಲ್ಲಿ ಹೊಸ ನಿಲ್ದಾಣ ಎದ್ದಿತು, ಹಳೆಯ ಕಟ್ಟಡ ಪಾಳು ಬಿತ್ತು. ಗೇಜ್ ಬದಲಾದ ಎಷ್ಟೋ ಊರುಗಳಲ್ಲಿ ಇಂಥ ಕಟ್ಟಡಗಳನ್ನು ಕೇಳುವವರೇ ಇರಲಿಲ್ಲ. ಅರಸಾಳಿನದನ್ನು ಉಳಿಸಿದ್ದು ಧಾರಾವಾಹಿಯ ನೆನಪು. ನೈಋತ್ಯ ರೈಲ್ವೆ ಅದನ್ನು ದುರಸ್ತಿ ಮಾಡಿಸಿ 2020ರಲ್ಲಿ ‘ಮಾಲ್ಗುಡಿ ಮ್ಯೂಸಿಯಂ’ ಆಗಿ ತೆರೆಯಿತು. ಆ ಕೆಲಸಕ್ಕೂ ಜಾನ್ ದೇವರಾಜ್ ಅವರೇ ಬಂದರು ಎಂಬುದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ.

ಆದರೂ ಮಾಲ್ಗುಡಿಯ ಅಬ್ಬರದಲ್ಲಿ ಅರಸಾಳು ಎಂಬ ಹೆಸರು ಮುಳುಗಬಾರದು. ಮಲೆನಾಡಿಗೆ ರೈಲು ಬಂದ ಕತೆಯೂ ಆ ಗೋಡೆಗಳ ಮೇಲೆ ಮಾಲ್ಗುಡಿಯಷ್ಟೇ ಜಾಗ ಪಡೆಯಬೇಕು. ನೀವು ಹೋಗುವುದಾದರೆ ತಾಳಗುಪ್ಪದ ರೈಲಿನಲ್ಲೇ ಹೋಗಿ. ಎಲ್ಲ ಗಾಡಿಗಳೂ ಅಲ್ಲಿ ನಿಲ್ಲುವುದಿಲ್ಲ, ಟಿಕೆಟ್ ತೆಗೆಯುವ ಮುನ್ನ ವಿಚಾರಿಸಿಕೊಳ್ಳಿ.