ಗಂಡಸಿಯಲ್ಲಿದ್ದೇ ಆಪ್ತ ಸಹಾಯಕಿ ಆಗಬಹುದೇ?

ತಂಗೀ, ಬಿ.ಕಾಂ. ಮುಗಿಸಿದ್ದೀರಿ, ಅಪ್ಪನ ತೆಂಗಿನ ತೋಟದ ಲೆಕ್ಕವನ್ನೂ ನೀವೇ ಬರೆಯುತ್ತೀರಿ. ಬೆಂಗಳೂರಿಗೆ ಹೋಗದೆ ಈ ಕೆಲಸ ಸಿಗುತ್ತದೆಯೇ ಎಂದು ಕೇಳಿದ್ದೀರಿ. ನೇರವಾಗಿ ಹೇಳುತ್ತೇನೆ: ‘ಎಕ್ಸಿಕ್ಯೂಟಿವ್ ಅಸಿಸ್ಟೆಂಟ್’ ಎಂಬ ಹೆಸರಿನ ಹುದ್ದೆ ನಿಮ್ಮ ಗಂಡಸಿ ಹೋಬಳಿಯಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಆ ಕೆಲಸ ಮಾತ್ರ ಬೇರೆ ಹೆಸರುಗಳಲ್ಲಿ ಇದೆ.

ಅರಸೀಕೆರೆಯ ಕೊಬ್ಬರಿ ವರ್ತಕರಿಗೆ ಬೇಕಾದವರು ಫೋನು, ಬಿಲ್ಲು, ಜಿಎಸ್‌ಟಿ ಮೂರನ್ನೂ ಒಟ್ಟಿಗೆ ನಿಭಾಯಿಸುವವರು. ಬೇಲೂರು, ಹಳೇಬೀಡಿನ ದೇಗುಲಗಳು 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು. ಅಲ್ಲಿನ ಹೋಟೆಲು, ಹೋಂಸ್ಟೇಗಳಲ್ಲಿ ಬುಕಿಂಗ್ ನೋಡುವವರಿಗೆ ಇಂಗ್ಲಿಷ್ ಬೇಕು, ಸಂಬಳ ಮಾತ್ರ ಸಾಧಾರಣ. ಹಾಸನದ ಕೈಗಾರಿಕಾ ಪ್ರದೇಶ, ಆಸ್ಪತ್ರೆ, ಕಾಲೇಜುಗಳಲ್ಲೂ ವಿಚಾರಿಸಿ.

ಆದರೆ ನಾನು ಒತ್ತಿ ಹೇಳುವುದು ಶೀಘ್ರಲಿಪಿಯನ್ನು. ಈಗ ಯಾರು ಕಲಿಯುತ್ತಾರೆ ಎಂದು ನಗಬೇಡಿ, ಕಲಿಯುವವರು ಕಡಿಮೆ ಎಂಬುದೇ ನಿಮಗೆ ಲಾಭ. ಜಿಲ್ಲಾ ನ್ಯಾಯಾಲಯಗಳ ಶೀಘ್ರಲಿಪಿಗಾರರ ಹುದ್ದೆಗೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಶೀಘ್ರಲಿಪಿ, ಬೆರಳಚ್ಚು ಕೇಳುತ್ತಾರೆ. ಈ ಪರೀಕ್ಷೆಗಳಲ್ಲಿ ಪ್ರೌಢ ದರ್ಜೆ ಮುಟ್ಟುವುದು ಬೇಸರದ ಅಭ್ಯಾಸ; ದಿನಾ ಬರೆಯದಿದ್ದರೆ ಕೈ ಜಡ್ಡುಗಟ್ಟುತ್ತದೆ. ಜೊತೆಗೆ ನುಡಿ ತಂತ್ರಾಂಶ, ಯೂನಿಕೋಡ್, ಎಕ್ಸೆಲ್ ಕಲಿಯಿರಿ. ಅರ್ಹತೆಯ ವಿವರವನ್ನು ಆಯಾ ಅಧಿಸೂಚನೆಯಲ್ಲೇ ಓದಿಕೊಳ್ಳಿ, ಕೋಚಿಂಗ್‌ನವರ ಮಾತಿನಲ್ಲಲ್ಲ.

ಮನೆಯಿಂದಲೇ ಕೆಲಸ ಎಂದು ಮೊದಲೇ ‘ನೋಂದಣಿ ಶುಲ್ಕ’ ಕೇಳುವವರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ.

ಇನ್ನು, ತೋಟದ ಲೆಕ್ಕ ಬರೆದದ್ದನ್ನು ನಿಮ್ಮ ಕೆಲಸದ ಅರ್ಜಿಯಲ್ಲಿ ಯಾಕೆ ಮುಚ್ಚಿಟ್ಟಿರಿ? ಅದನ್ನೇ ಮೊದಲು ಬರೆಯಿರಿ.